ಟೈಗರ್ ಮಾತ್ ಮಾಡೆಲ್ ಹಾರಿಸುವಾಗ ರಡ್ಡರ್ ಮರೆಯಬೇಡಿ

ಟೈಗರ್ ಮಾತ್‌ನ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಮಾಡೆಲ್ ಕಟ್ಟುತ್ತಿರುವ ಗೆಳೆಯರೇ, 1931ರಲ್ಲಿ ಮೊದಲು ಹಾರಿದ ಈ ಬ್ರಿಟಿಷ್ ತರಬೇತಿ ವಿಮಾನಕ್ಕೆ ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಇರೋದು ಕೆಳಗಿನ ರೆಕ್ಕೆಗಳಲ್ಲಿ ಮಾತ್ರ. ಬರೀ ಐಲರಾನ್ ಕೊಟ್ಟು ಎಡಕ್ಕೆ ವಾಲಿಸಿದರೆ ಕೆಳಗಿಳಿದ ಬಲಗಡೆಯ ಐಲರಾನ್ ಗಾಳಿಗೆ ಹೆಚ್ಚು ಅಡ್ಡವಾಗಿ ಮೂತಿಯನ್ನು ಬಲಕ್ಕೆ ಎಳೆಯುತ್ತೆ. ನನ್ನ ಮೊದಲ ಮಾಡೆಲ್ ಹೀಗೇ ತಿರುವಿನಲ್ಲಿ ಜಾರಿ ನೆಲಕ್ಕೆ ಬಿತ್ತು, ಬಾಲ್ಸಾ ಮರದ ಪಕ್ಕೆಲುಬುಗಳೆಲ್ಲ ಚೂರುಚೂರು. ಅದಕ್ಕೇ ಟ್ರಾನ್ಸ್‌ಮಿಟರ್‌ನಲ್ಲಿ ಡಿಫರೆನ್ಷಿಯಲ್ (ಐಲರಾನ್ ಮೇಲಕ್ಕೆ ಹೆಚ್ಚು, ಕೆಳಕ್ಕೆ ಕಡಿಮೆ ಚಲಿಸುವ ಹೊಂದಾಣಿಕೆ) ಇಡಿ: ಐಲರಾನ್ ಮೇಲಕ್ಕೆ 15 ಮಿ.ಮೀ. ಏಳುವಂತಿದ್ದರೆ ಕೆಳಕ್ಕೆ 5 ಸಾಕು. ಅಸಲಿ ವಿಮಾನದಲ್ಲೂ ಕೆಳಗಿಳಿಯುವ ಐಲರಾನ್ ಅಲ್ಪಸ್ವಲ್ಪವೇ ಚಲಿಸುತ್ತೆ. ಜೊತೆಗೆ ಪ್ರತಿ ತಿರುವಿಗೂ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಚುಕ್ಕಾಣಿ) ಕೊಡಿ. ಹಿಂದೆ ನಮ್ಮ ವಾಯುಪಡೆಯವರೂ ಟೈಗರ್ ಮಾತ್‌ನಲ್ಲೇ ಕಲಿತವರು; ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನ ಬಂದದ್ದು ಆಮೇಲೆ.

ಮೂತಿ ಗಿಡ್ಡ, ಆದ್ದರಿಂದ ಬ್ಯಾಟರಿಯನ್ನು ಆದಷ್ಟೂ ಮುಂದಕ್ಕೆ ತಳ್ಳಿ. ಬಾಲ ಭಾರವಾದರೆ ಮೊದಲ ಹಾರಾಟಕ್ಕೆ ಹೋಗಲೇಬೇಡಿ.