ಫ್ರೀಸೆಲ್ ಗೆಲ್ಲಬೇಕಾ? ಮೊದಲು ಮೌಸ್‌ನಿಂದ ಕೈ ತೆಗೆಯಿರಿ

ಕಂಪ್ಯೂಟರಿನಲ್ಲಿ ಸಾಲಿಟೇರ್ (ಒಬ್ಬರೇ ಆಡುವ ಇಸ್ಪೀಟಾಟ) ಅಂದರೆ ಹೆಚ್ಚಿನವರಿಗೆ ನೆನಪಾಗುವುದು 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಕ್ಲಾಂಡೈಕ್. ಅದರಲ್ಲಿ ಬಹುಪಾಲು ಎಲೆಗಳು ಮುಚ್ಚಿಕೊಂಡೇ ಇರುತ್ತವೆ, ಎಷ್ಟು ತಲೆ ಓಡಿಸಿದರೂ ಅದೃಷ್ಟ ಕೈಕೊಡಬಹುದು. ಅದೇ ಜಾತಿಯ ಇನ್ನೊಂದು ಆಟ ಫ್ರೀಸೆಲ್ ಹಾಗಲ್ಲ. 52 ಎಲೆಗಳೂ ಮೊದಲಿನಿಂದಲೇ ಕಣ್ಣೆದುರು. ಹಳೆಯ ವಿಂಡೋಸ್‌ನಲ್ಲಿ ನಂಬರ್ ಹಾಕಿಟ್ಟಿದ್ದ 32,000 ಆಟಗಳಲ್ಲಿ ಬಿಡಿಸಲಾಗದ್ದು 11982 ಒಂದೇ! ಅಂದಮೇಲೆ ಸೋತರೆ ಎಲೆಗಳನ್ನು ಬೈಯುವಂತಿಲ್ಲ, ಅಲ್ವಾ?

ವಿಂಡೋಸ್ 10 ಅಥವಾ 11ರಲ್ಲಿ ಸ್ಟಾರ್ಟ್ ಒತ್ತಿ ಸಾಲಿಟೇರ್ ಎಂದು ಇಂಗ್ಲಿಷಿನಲ್ಲಿ ಹುಡುಕಿ, ತೆರೆದ ಆ್ಯಪ್‌ನಲ್ಲಿ ಫ್ರೀಸೆಲ್ ಆರಿಸಿ. ಮಧ್ಯೆ ಜಾಹೀರಾತಿನ ಕಾಟ ಇದೆ, ಸಹಿಸಿಕೊಳ್ಳಿ.

ಎಂಟು ಸಾಲು ಕಾಣುತ್ತವೆ. ಮೊದಲ ನಾಲ್ಕರಲ್ಲಿ ಏಳೇಳು ಎಲೆ, ಉಳಿದವುಗಳಲ್ಲಿ ಆರಾರು. ಮೇಲೆ ಒಂದು ಕಡೆ ನಾಲ್ಕು ಖಾಲಿ ಮನೆ, ಒಂದೊಂದರಲ್ಲಿ ಒಂದೇ ಎಲೆ ಇಡಬಹುದು. ಇನ್ನೊಂದು ಕಡೆ ಆಟೀನು, ಡೈಮನ್, ಇಸ್ಪೀಟು, ಕಳಾವರ್‌ಗಳನ್ನು ಎಕ್ಕದಿಂದ ರಾಜನವರೆಗೆ ಜೋಡಿಸುವ ಜಾಗ. ಎಲ್ಲವೂ ಅಲ್ಲಿಗೆ ಹೋದರೆ ಗೆದ್ದಿರಿ. ಸಾಲುಗಳಲ್ಲಿ ಮಾತ್ರ ಇಳಿಕೆ ಕ್ರಮ, ಬಣ್ಣ ಬದಲಾಗುತ್ತಿರಬೇಕು: ಕೆಂಪು ಒಂಬತ್ತರ ಮೇಲೆ ಕಪ್ಪು ಎಂಟು, ಅದರ ಮೇಲೆ ಕೆಂಪು ಏಳು.

ಈಗ ಆಡಬೇಡಿ, ಸುಮ್ನೆ ನೋಡಿ. ಎಕ್ಕಗಳು ಎಲ್ಲಿವೆ, ಎರಡುಗಳು ಎಲ್ಲಿವೆ, ಯಾವುದು ಸಾಲಿನ ಬುಡದಲ್ಲಿ ಸಿಕ್ಕಿಕೊಂಡಿದೆ? ಆ ಸಾಲನ್ನೇ ಮೊದಲು ಬಿಡಿಸಬೇಕು.

ಹೊಸಬರು ಎಡವುವುದು ಖಾಲಿ ಮನೆಗಳ ವಿಷಯದಲ್ಲಿ. ಇವೆಯಲ್ಲ ಅಂತ ಒಂದೊಂದೇ ಎಲೆ ತುರುಕುತ್ತಾ ಹೋಗುತ್ತಾರೆ, ನಾಲ್ಕೂ ತುಂಬಿದ ಮೇಲೆ ಮೌಸ್ ಅಲ್ಲಾಡಿಸಲೂ ಜಾಗ ಇರುವುದಿಲ್ಲ. ಲೆಕ್ಕ ನೋಡಿ. ನಾಲ್ಕೂ ಮನೆ ಖಾಲಿ ಇದ್ದರೆ ಕ್ರಮದಲ್ಲಿರುವ ಐದು ಎಲೆಗಳನ್ನು ಒಟ್ಟಿಗೆ ಸಾಗಿಸಬಹುದು, ಎರಡು ಖಾಲಿ ಇದ್ದರೆ ಮೂರು, ಎಲ್ಲ ತುಂಬಿದ್ದರೆ ಒಂದೇ ಒಂದು. ಇಡೀ ಸಾಲೊಂದು ಖಾಲಿಯಾದರೆ ಈ ಸಂಖ್ಯೆ ದುಪ್ಪಟ್ಟಾಗುತ್ತದೆ, ಐದಿದ್ದದ್ದು ಹತ್ತು (ಆ ಖಾಲಿ ಸಾಲಿಗೇ ಸಾಗಿಸುವುದಾದರೆ ಮಾತ್ರ ಈ ಲಾಭ ಇಲ್ಲ). ಹಾಗಾಗಿ ಎಲೆಗಳು ಕಡಿಮೆ ಇರುವ ಸಾಲನ್ನು ಹಿಡಿದು ಪೂರ್ತಿ ಖಾಲಿ ಮಾಡಿ. ಖಾಲಿಯಾಯಿತು ಅಂತ ಕೈಗೆ ಸಿಕ್ಕ ಎಲೆಯನ್ನು ತಂದು ಹಾಕಬೇಡಿ. ರಾಜನಿಂದಲೋ ರಾಣಿಯಿಂದಲೋ ಶುರುವಾಗುವ ಉದ್ದನೆಯ ಸರಣಿ ಇದ್ದರೆ ಅದಕ್ಕೆ ಕೊಡಿ.

ಇನ್ನೊಂದು ಮಾತು, ಎಲೆ ಸಿಕ್ಕ ತಕ್ಷಣ ಮೇಲಕ್ಕೆ ಕಳಿಸುವ ಆತುರ ಬೇಡ. ಎಕ್ಕ, ಎರಡು ಕಳಿಸಿದರೆ ನಷ್ಟವಿಲ್ಲ. ಆದರೆ ಕೆಂಪು ಐದುಗಳೆರಡೂ ಹೋಗಿಬಿಟ್ಟರೆ, ಕೆಳಗೇ ಉಳಿದಿರುವ ಕಪ್ಪು ನಾಲ್ಕನ್ನು ಯಾವುದರ ಮೇಲೆ ಕೂರಿಸುತ್ತೀರಿ?

ಸಿಕ್ಕಿಬಿದ್ದರೆ ಅನ್‌ಡೂ ಒತ್ತಿ ಹಿಂದೆ ಹೋಗಿ. ಅದು ಮೋಸ ಅನ್ನುವವರಿದ್ದಾರೆ, ನನಗಂತೂ ಹಾಗನಿಸುವುದಿಲ್ಲ. ಹೊಸ ಆಟ ಹಾಕುವುದಕ್ಕಿಂತ ಅದೇ ಆಟವನ್ನು ಮೊದಲಿನಿಂದ ಶುರುಮಾಡಿ, ಈ ಸಲ ಬೇರೆ ಸಾಲಿಗೆ ಕೈಹಾಕಿ.