ಹನ್ನೆರಡು ರೂಪಾಯಿಯ ಫೈಲು

ನಮ್ಮ ಶಾಲೆಯ ಮಕ್ಕಳಿಗೆ ಒಂದೊಂದು ಫೈಲ್ ಕೊಟ್ಟು, ಮುಂದೆ ಓದಲಿಕ್ಕೆ ಬೇಕಾದ ಕಾಗದಗಳನ್ನೆಲ್ಲ ಮೊದಲೇ ಸರಿಮಾಡಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಗುಮಾಸ್ತನ ಕೆಲಸ’ ಅಂತ ಹೆಸರಿಟ್ಟಿದ್ದರು. "ಮಕ್ಕಳಿಗೆ ಭವಿಷ್ಯ ತೋರಿಸಿ ಅಂದರೆ ನೀವು ಜೆರಾಕ್ಸ್ ಮಾಡಿಸ್ತಾ ಕೂತಿದ್ದೀರಲ್ಲ ಮಾರಾಯ್ರೆ" ಅಂದವರೂ ಉಂಟು. ಹಾಗಂದವರೊಬ್ಬರು ಹೋದ ತಿಂಗಳು ಮಗಳ ಫೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ-ಬದಿಯಡ್ಕ ಕಡೆಯ ಶಾಲೆ. ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸಿನ ಮಕ್ಕಳ ಕರಿಯರ್ ಗೈಡ್ ಕೆಲಸ ನನ್ನ ತಲೆಗೆ ಬಂದು ಆರೇಳು ವರ್ಷ ಆಯ್ತು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊರಗಿನಿಂದ ಭಾಷಣಕಾರರನ್ನು ಕರೆಸಿದೆ. ಕಾರು, ಊಟ, ಶಾಲು, ಫ್ಲೆಕ್ಸ್ ಎಲ್ಲ ಸೇರಿ ಪಿಟಿಎಯ (ಶಿಕ್ಷಕ-ಪೋಷಕರ ಸಂಘದ) ಎಂಟೂವರೆ ಸಾವಿರ ಹಣ ಹೋಯ್ತು. ಅವರು ಎರಡು ಗಂಟೆ ಚೆನ್ನಾಗಿಯೇ ಮಾತಾಡಿದರು, ಮಲಯಾಳ-ಇಂಗ್ಲಿಷ್ ಬೆರೆಸಿ. ಮರ್ಚೆಂಟ್ ನೇವಿ, ವಿಮಾನದ ಎಂಜಿನಿಯರಿಂಗ್, ಎಲ್ಲ ಬಂತು. ಕೊನೆಗೆ ಡೌಟ್ ಉಂಟಾ ಅಂದಾಗ ಹಿಂದಿನ ಬೆಂಚಿನವ ಒಬ್ಬ ಎದ್ದ. "ಸರ್, ಟಿಸಿ ಯಾವಾಗ ಸಿಗ್ತದೆ?" ಹಾಲ್ ಇಡೀ ನಕ್ಕಿತು. ನಾನೂ ನಕ್ಕೆ.

ಎರಡನೇ ವರ್ಷ ಅಭಿರುಚಿ ಪರೀಕ್ಷೆ. ಒಂದು ಖಾಸಗಿ ಕಂಪೆನಿಯವರು ತಲೆಗೆ 300 ರೂಪಾಯಿ ತೆಗೆದುಕೊಂಡರು. ಮೂವತ್ತು ಚಿಲ್ಲರೆ ಮಕ್ಕಳು ಕೊಟ್ಟರು. ಬಣ್ಣದ ರಿಪೋರ್ಟ್ ಬಂತು, ಒಬ್ಬೊಬ್ಬರಿಗೆ ಹದಿನಾಲ್ಕು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಮಳೆಗಾಲದಲ್ಲಿ ಅಪ್ಪನ ಜೊತೆ ಅಡಿಕೆ ಮರ ಹತ್ತಿ ಮದ್ದು ಬಿಡುವ ಹುಡುಗನಿಗೆ ‘ಹೊರಾಂಗಣ ಕೆಲಸ ಒಗ್ಗುವುದಿಲ್ಲ’ ಅಂತ ಬರೆದಿತ್ತು. ಆ ಹಣ ಮಕ್ಕಳ ಮನೆಯಿಂದ ಬಂದದ್ದು. ಅದು ನನಗೆ ಈಗಲೂ ಚುಚ್ಚುತ್ತದೆ.

ಮೂರನೇ ವರ್ಷದ್ದು ಹೇಳಲೇಬೇಕು. ಒಬ್ಬಳು ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ಕರ್ನಾಟಕದ ಸಿಇಟಿ ಬರೆದಳು. ಗಡಿನಾಡ ಕನ್ನಡಿಗರು, ಅಂದರೆ ಕರ್ನಾಟಕದ ಗಡಿಯ ಆಚೆ ಇರುವ ಕನ್ನಡಿಗರು ಅನ್ನುವ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಅಲ್ಲಿ ಅವಕಾಶ ಉಂಟು. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬೇರೆ ದಿನ ಇರುತ್ತದೆ. ನಾಲ್ಕನೇ ಕ್ಲಾಸಿನ ಮಟ್ಟದ್ದು, ಕಣ್ಣುಮುಚ್ಚಿ ಬರೆಯಬಹುದು. ಆದರೆ ಅವಳು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮುಗಿಸಿ ಮನೆಗೆ ಬಂದುಬಿಟ್ಟಳು. ನಾನೂ ನೆನಪಿಸಿರಲಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವಳು ಕನ್ನಡದ ಪರೀಕ್ಷೆ ಬರೆಯದೆ ಹೊರಗುಳಿದಳು. ಅವಳ ಅಪ್ಪ ಬೈಯಲಿಲ್ಲ. "ಆಯ್ತಲ್ಲ ಮಾಷ್ಟ್ರೇ, ಇನ್ನೆಂತ ಮಾಡ್ಲಿಕ್ಕೆ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ಮೇ ತಿಂಗಳಲ್ಲಿ ಹಳೆಯ ಮಕ್ಕಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ, ಮುಂದೆ ಓದಲಿಕ್ಕೆ ಸೇರುವಾಗ ಎಲ್ಲಿ ಸಿಕ್ಕಿಬಿದ್ದಿರಿ ಅಂತ. ಇಪ್ಪತ್ತು ಮಂದಿ ಇರಬಹುದು. ಯಾವ ಕೋರ್ಸ್ ಅಂತ ಗೊತ್ತಾಗದೆ ಸಿಕ್ಕಿಬಿದ್ದವರು ಇಬ್ಬರೋ ಮೂವರೋ. ಉಳಿದವರೆಲ್ಲ ಕಾಗದದಲ್ಲಿ, ತಾರೀಕಿನಲ್ಲಿ, ಇಲ್ಲ ಹಣದಲ್ಲಿ.

ಮರುವರ್ಷ ಪ್ಲಸ್ ವನ್ ಸೇರಿದ ವಾರವೇ ಪ್ರತಿಯೊಬ್ಬರಿಗೆ ಒಂದು ಪ್ಲಾಸ್ಟಿಕ್ ಫೈಲ್ ಕೊಟ್ಟೆ. ಒಂದಕ್ಕೆ 12 ರೂಪಾಯಿ. ಓಣಂ ರಜೆಯೊಳಗೆ ಎಸ್‌ಎಸ್‌ಎಲ್‌ಸಿ, ಆಧಾರ್, ರೇಷನ್ ಕಾರ್ಡ್ ಮೂರರಲ್ಲೂ ಹೆಸರು ಒಂದೇ ತರ ಉಂಟಾ ಅಂತ ನೋಡುವುದು. ಇದೇ ದೊಡ್ಡ ಕೆಲಸ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಊರಿನ ಹೆಸರು ಒಂದರಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬಳ. 44 ಫೈಲಿನಲ್ಲಿ 17ರಲ್ಲಿ ತಪ್ಪು ಸಿಕ್ಕಿತು. ಒಬ್ಬ ಹುಡುಗನ ಅಪ್ಪನ ಹೆಸರು ಮೂರು ಕಡೆ ಮೂರು ತರ ಇತ್ತು. ಅದನ್ನು ಸರಿಮಾಡಲಿಕ್ಕೆ ಏಳು ತಿಂಗಳು ಹಿಡಿಯಿತು. ಪ್ಲಸ್ ಟು ರಿಸಲ್ಟ್ ಬಂದ ಮೇಲೆ ಶುರುಮಾಡಿದ್ದರೆ ಕಥೆ ಮುಗೀತು, ಅಲ್ವಾ?

ಆಮೇಲೆ ಕ್ರಿಸ್ಮಸ್ ಒಳಗೆ ಅಕ್ಷಯ ಕೇಂದ್ರ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ), ವಿಲೇಜ್ ಆಫೀಸುಗಳಿಗೆ ಹೋಗಿ ಬೇಕಾದ ಸರ್ಟಿಫಿಕೇಟ್ ಮಾಡಿಸುವುದು. ಗಡಿ ದಾಟುವವರ ಕಾಗದ ಇಂಗ್ಲಿಷಿನಲ್ಲೇ ಮಾಡಿಸಬೇಕು. ಒಮ್ಮೆ ಮಲಯಾಳದ ಕಾಗದ ಕೊಟ್ಟು ಕಳಿಸಿ, ಆಚೆಯವರಿಗೆ ಓದಲಿಕ್ಕಾಗದೆ ಹುಡುಗ ವಾಪಸ್ ಬಂದ. ಅದು ನನ್ನದೇ ತಪ್ಪು. ನೀಟ್ ಬರೆಯುವವರಿಗೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕಾದರೆ ಕೇಂದ್ರವನ್ನೂ ಕರ್ನಾಟಕದಲ್ಲೇ ಹಾಕಬೇಕು.

ಫೈಲಿನ ಕೊನೆಯಲ್ಲಿ ಒಂದು ಹಾಳೆ. ಅದರಲ್ಲಿ ಮೂರು ದಾರಿ: ಕೇರಳದಲ್ಲಿ ಒಂದು, ಕರ್ನಾಟಕದಲ್ಲಿ ಒಂದು, ಮನೆಯಿಂದ ಹೋಗಿ ಬರುವಂಥದ್ದು ಒಂದು. ಮೂರಕ್ಕೂ ಹಣದ ಲೆಕ್ಕ ಬೇಕು. ಅದನ್ನು ನಾನು ಹೇಳುವುದಿಲ್ಲ. ಆ ದಾರಿಯಲ್ಲಿ ಈಗ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡಿ ಮಕ್ಕಳೇ ಕೇಳಿ ಬರೆಯಬೇಕು. ಫೀಸ್ ಮಾತ್ರ ಅಲ್ಲ, ಮೆಸ್ಸು, ಬಸ್ಸು, ಲ್ಯಾಬ್ ಕೋಟು, ಎಲ್ಲ. ಒಬ್ಬಳು ನರ್ಸಿಂಗ್ ಹಾಳೆಯಲ್ಲಿ ‘ಬಿಳಿ ಶೂ, ವರ್ಷಕ್ಕೆ ಎರಡು ಜೊತೆ’ ಅಂತ ಬರೆದು ತಂದಳು. ಯಾವ ಭಾಷಣಕಾರ ಇದನ್ನು ಹೇಳ್ತಾನೆ?

ಈ ಹಾಳೆ ಮನೆಗೆ ಹೋದ ಮೇಲೆ ಅಪ್ಪಂದಿರು ಶಾಲೆಗೆ ಬರತೊಡಗಿದರು. ಬರಲೊಪ್ಪದವರನ್ನು ಬರಿಸಲಿಕ್ಕೆ ನನ್ನದೊಂದು ಉಪಾಯ ಉಂಟು. ಅದನ್ನು ಇಲ್ಲಿ ಬರೆದರೆ ನಮ್ಮೂರಿನವರೂ ಓದ್ತಾರೆ, ಕೆಲಸ ಕೆಡ್ತದೆ.

ನಡುವೆ ಬೇರೆ ಕೆಲವು ಪ್ರಯೋಗವನ್ನೂ ಮಾಡಿದೆ. ಫೋನಿನಲ್ಲಿ ಸಂದರ್ಶನ ರೆಕಾರ್ಡ್ ಮಾಡುವುದು ಪೂರಾ ಫ್ಲಾಪ್. ತಮ್ಮ ಸ್ವರ ಕೇಳಿ ನಗುವುದರಲ್ಲೇ ಪೀರಿಯಡ್ ಮುಗೀತಿತ್ತು. ಮಲಯಾಳದ್ದು ಮಾತ್ರ ಅಚ್ಚರಿ. ಕೇರಳ ಪಿಎಸ್‌ಸಿಯಲ್ಲಿ (ಅಲ್ಲಿನ ಲೋಕಸೇವಾ ಆಯೋಗದಲ್ಲಿ) ಕನ್ನಡ-ಮಲಯಾಳ ಎರಡೂ ಬಲ್ಲವರಿಗೆ ಕ್ಲಾರ್ಕ್ ಹುದ್ದೆ ಉಂಟಲ್ಲ, ಅದಕ್ಕಾಗಿ ದಿನಾ ಹತ್ತು ನಿಮಿಷ ಮಲಯಾಳ ಪೇಪರ್ ಓದಿಸಿದೆ. ಎರಡು ವಾರದಲ್ಲಿ ನಿಂತುಹೋಯ್ತು. ಆದರೆ ವಿಲೇಜ್ ಆಫೀಸಿನ ಅರ್ಜಿಯನ್ನು ಅವರೇ ತುಂಬಿಸಬೇಕು ಅಂದಾಗ ಒಂದೊಂದೇ ಅಕ್ಷರ ಕೂಡಿಸಿ ಓದಲಿಕ್ಕೆ ಕಲಿತರು. ಇನ್ನೊಂದು ತಮಾಷೆ ಕೇಳಿ. ಮನೆಯಲ್ಲಿ ತುಳು ಮಾತಾಡುವ, ಇಂಗ್ಲಿಷ್ ಮೀಡಿಯಂ ಮುಗಿಸಿ ಬಂದ ಮಕ್ಕಳಿಗೆ ಸಿಇಟಿಯ ಆ ನಾಲ್ಕನೇ ಕ್ಲಾಸಿನ ಕನ್ನಡವೇ ಕಷ್ಟ. ಒತ್ತಕ್ಷರ ಬಂದರೆ ಪೆನ್ನು ನಿಲ್ಲುತ್ತದೆ. ಅವರಿಗೆ ಶನಿವಾರ ಉಕ್ತಲೇಖನ, ದೊಡ್ಡ ಮಕ್ಕಳಿಗೆ!

ಈಗ ವರ್ಷದ ಖರ್ಚು ಫೈಲು, ಜೆರಾಕ್ಸು, ಚಾ ಸೇರಿ ಎರಡೂವರೆ ಸಾವಿರದ ಹತ್ತಿರ. ಎಂಟುನೂರು ನನ್ನ ಕಿಸೆಯಿಂದ. ಹೋದ ಬ್ಯಾಚಿನ 44ರಲ್ಲಿ ನಲವತ್ತೋ ನಲವತ್ತೊಂದೋ ಮಂದಿ ಮಳೆಗಾಲ ಮುಗಿಯುವ ಮೊದಲೇ ಎಲ್ಲಾದರೂ ಸೇರಿಕೊಂಡರು. ಅದಕ್ಕಿಂತ ಮೊದಲು ಮೂವತ್ತು ದಾಟಿದ್ದು ನೆನಪಿಲ್ಲ. ಸಿಇಟಿ ಬರೆದ ಆರೂ ಮಂದಿ ಕನ್ನಡ ಪರೀಕ್ಷೆಯನ್ನೂ ಬರೆದರು. ಆ ದಿನ ಬೆಳಿಗ್ಗೆ ಆರು ಗಂಟೆಗೇ ಆರು ಮನೆಗೂ ಫೋನ್ ಮಾಡಿದ್ದೆ. ಒಬ್ಬಳ ಅಮ್ಮ, "ಅವಳು ಬಸ್ಸಿನಲ್ಲಿದ್ದಾಳೆ ಸರ್, ನೀವು ಮಲಗಿ" ಅಂದರು.

ಈ ವರ್ಷ ಫೈಲಿಗೆ 15 ಆಗಿದೆ. ಐವತ್ತು ಒಟ್ಟಿಗೆ ತೆಗೆದುಕೊಂಡರೆ 13ಕ್ಕೆ ಕೊಡ್ತೀರಾ ಅಂತ ಅಂಗಡಿಯವರ ಹತ್ತಿರ ಚೌಕಾಸಿ ನಡೀತಾ ಉಂಟು.