ಬಿಎಂಇ280 ಸೆನ್ಸರ್‌ಗೆ ಲೈಬ್ರರಿ ಇಲ್ದೆ ರೆಜಿಸ್ಟರ್ ಬರೆದಿದ್ದು

ಪುಣೆಲಿ ಮಳೆ ಹಿಡೀತು ಅಂದ್ರೆ ಹಪ್ಪಳ, ರವೆ ಎಲ್ಲ ಮೆತ್ತಗಾಗುತ್ತೆ, ಡೆಕ್ಕನ್ ಕಡೆ ಹೋಟೆಲ್ ನಡೆಸೋ ಶೆಟ್ರು ಸ್ಟೋರ್ ರೂಮಿನ ತೇವಾಂಶ ಗೊತ್ತಾಗೋ ಹಾಗೆ ಏನಾದ್ರೂ ಮಾಡ್ಕೊಡಿ ಮಾರಾಯ್ರೆ ಅಂದ್ರು. ಬುಧವಾರ ಪೇಟೆಲಿ ಪಾಸೋಡ್ಯಾ ವಿಠೋಬಾ ಹತ್ರ ತೇವಾಂಶ, ಟೆಂಪರೇಚರ್, ಪ್ರೆಶರ್ ಅಳೆಯೋ ಬಾಷ್ ಬಿಎಂಇ280 ಮಾಡ್ಯೂಲ್ ತಂದು ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಐ2ಸಿಲಿ (ಎರಡು ವೈರಲ್ಲಿ ಚಿಪ್‌ಗಳು ಮಾತಾಡೋ ರೀತಿ) ಹಾಕಿದೆ. ನಂಗೆ ನಿಮಿಷಕ್ಕೊಂದು ರೀಡಿಂಗ್ ಸಾಕು, ಪ್ರೆಶರ್ ಬೇಡವೇ ಬೇಡ, ಅದಕ್ಕೆ ಲೈಬ್ರರಿ ಅಂದ್ರೆ ರೆಡಿಮೇಡ್ ಕೋಡ್ ಬಿಟ್ಟು, ರೆಜಿಸ್ಟರ್ (ಚಿಪ್ ಒಳಗಿನ ಸೆಟ್ಟಿಂಗ್, ರೀಡಿಂಗ್ ಇರೋ ಪುಟ್ಟ ಖಾನೆ) ನಾನೇ ಬರೆದೆ.

ಮೊದಲು ಓದಿದ್ದು ಐಡಿ ರೆಜಿಸ್ಟರ್ ಡಿ0 (ರೆಜಿಸ್ಟರ್, ಅಡ್ರೆಸ್, ಅದರಲ್ಲಿ ಓದೋ ಬರೆಯೋ ಸಂಖ್ಯೆ ಎಲ್ಲ ಹೆಕ್ಸ್, ಅಂದ್ರೆ 16ರ ಲೆಕ್ಕ). 60 ಬಂದ್ರೆ ಬಿಎಂಇ, 58 ಬಂದ್ರೆ ತೇವಾಂಶನೇ ಅಳೆಯದ ಬಿಎಂಪಿ280, ನೋಡೋಕೆ ಎರಡೂ ಒಂದೇ ಥರ. ಚಿಪ್‌ನ ಐ2ಸಿ ಅಡ್ರೆಸ್ 76, ಎಸ್‌ಡಿಒ ಪಿನ್ ಸಪ್ಲೈ ವೋಲ್ಟೇಜಿಗೆ ಕಟ್ಟಿದ್ರೆ 77. ಆಮೇಲೆ ಇ0ಗೆ ಬಿ6 ಬರೆದ್ರೆ ರಿಸೆಟ್, ಚಿಪ್ ಸ್ಲೀಪ್ ಮೋಡಿಗೆ ಬರುತ್ತೆ.

ಅಸಲಿ ವಿಷ್ಯ ಇಲ್ಲಿದೆ. ತೇವಾಂಶದ ಸೆಟ್ಟಿಂಗ್ ಇರೋದು ಎಫ್2ರಲ್ಲಿ, ಅಲ್ಲಿ 01 ಬರೆದ್ರೆ ಚಿಪ್ ಆಕ್ ಕೊಡುತ್ತೆ, ಆದ್ರೆ ಅಳತೆ ಶುರು ಮಾಡಿಸೋ ಎಫ್4ಗೆ ಬರೆಯೋವರೆಗೂ ಅದು ಜಾರಿಗೆ ಬರಲ್ಲ, ಅಂದ್ರೆ ಮೊದಲು ಎಫ್2, ಆಮೇಲೆ ಎಫ್4, ತಿರುಗಿಸಿ ಬರೆದ್ರೆ ಮುಂದಿನ ಸಲ ಎಫ್4 ಬರೆಯೋವರೆಗೂ ತೇವಾಂಶದ ಜಾಗದಲ್ಲಿ 8000 ಅಂತ ಒಂದೇ ಸಂಖ್ಯೆ ಕೂತಿರುತ್ತೆ. ಆಕ್ ಅಂದ್ರೆ ಬೈಟ್ ಮುಟ್ಟಿತು ಅಂತ ಅಷ್ಟೇ, ಚಿಪ್ ಅದನ್ನ ಪಾಲಿಸ್ತು ಅಂತಲ್ಲ. ಇನ್ನೊಂದು, ಓದುವಾಗ ರೆಜಿಸ್ಟರ್ ನಂಬರ್ ತಾನಾಗೇ ಮುಂದಕ್ಕೆ ಹೋಗುತ್ತೆ, ಬರೆಯುವಾಗ ಹೋಗಲ್ಲ, ಹಾಗಾಗಿ ಪ್ರತಿ ಡೇಟಾ ಬೈಟಿಗೂ ಅದರ ರೆಜಿಸ್ಟರ್ ನಂಬರ್ ಜೊತೆಗೇ ಕಳಿಸಬೇಕು. ಬೇರೆ ಸೆನ್ಸರ್‌ಗಳ ಕೋಡ್ ಕಾಪಿ ಹೊಡೆಯೋರು ಇದನ್ನ ಖಂಡಿತ ನೋಡ್ಕೊಳ್ಳಿ.

ಎಫ್4ಗೆ ನಾನು ಹಾಕಿದ್ದು 21, ಅಂದ್ರೆ ಟೆಂಪರೇಚರ್ ಒಂದು ಸ್ಯಾಂಪಲ್, ಪ್ರೆಶರ್ ಸ್ಕಿಪ್, ಫೋರ್ಸ್ಡ್ ಮೋಡ್. ಟೆಂಪರೇಚರ್ ಬಿಡೋ ಹಾಗಿಲ್ಲ, ತೇವಾಂಶದ ಲೆಕ್ಕಕ್ಕೆ ಅದು ಬೇಕು. ಫೋರ್ಸ್ಡ್ ಅಂದ್ರೆ ಒಂದ್ಸಲ ಅಳೆದು ಮತ್ತೆ ಮಲಗುತ್ತೆ, ಸೆನ್ಸರ್ ತಾನೇ ಬಿಸಿಯಾಗೋದೂ ಕಮ್ಮಿ, ಆದ್ರೆ ಪ್ರತಿ ರೀಡಿಂಗಿಗೂ ಎಫ್4 ಮತ್ತೆ ಬರೀಬೇಕು. ಬರೆದು 10 ಮಿಲಿಸೆಕೆಂಡ್ ಕಾದು ಎಫ್‌ಎಯಿಂದ ಎಫ್‌ಇವರೆಗೆ ಒಂದೇ ಏಟಿಗೆ ಓದ್ತೀನಿ, ಕಂಪೆನ್ಸೇಷನ್ ಲೆಕ್ಕ (ಕಚ್ಚಾ ಸಂಖ್ಯೆನ ನಿಜವಾದ ರೀಡಿಂಗ್ ಮಾಡೋದು) ಡೇಟಾಶೀಟ್‌ನಲ್ಲಿರೋ ಸಿ ಕೋಡೇ.

ಶೆಟ್ರಿಗೆ ಸೆನ್ಸರ್ ಸ್ಟೋರ್ ರೂಮ್ ಒಳಗೆ, ಬೋರ್ಡಿನ ಡಬ್ಬ ಗಲ್ಲಾ ಹತ್ರ ಬೇಕಿತ್ತು. ಐ2ಸಿ ಅಷ್ಟುದ್ದದ ವೈರಿಗೆ ಆಗ್ಬರಲ್ಲ, ವೈರ್ ಉದ್ದ ಆದಷ್ಟೂ ಅದರ ಕೆಪಾಸಿಟೆನ್ಸ್ ಏರುತ್ತೆ, ಐ2ಸಿಲಿ ಅದರ ಮಿತಿನೇ 400 ಪಿಕೋಫ್ಯಾರಡ್. ಅದಕ್ಕೆ ಬೋರ್ಡನ್ನೂ ಸ್ಟೋರ್ ರೂಮಲ್ಲೇ ಇಟ್ಟು, ವೈರ್ ಗೇಣುದ್ದ ಮಾಡಿ, 100 ಕಿಲೋಹರ್ಟ್ಸ್‌ನಲ್ಲಿ ಓಡಿಸ್ತಿದೀನಿ, ರೀಡಿಂಗ್ ವೈಫೈಲಿ ಅವರ ಫೋನಿಗೆ ಹೋಗುತ್ತೆ.